ಗರ್ಭ ನಿಲ್ಲದವರ ಫೈಲಿನಲ್ಲಿ ಸೈಟೊಕೈನ್ ಟೆಸ್ಟ್: ಯಾವುದು ಬೇಕು, ಯಾವುದು ಬೇಡ?

ಎರಡು-ಮೂರು ಸಲ ಗರ್ಭಪಾತವಾದ ಹೆಣ್ಣುಮಗಳ ದವಾಖಾನೆ ಫೈಲು ದಪ್ಪ ಇರುತ್ತದೆ. ಗದಗ, ಹಾವೇರಿ, ರಾಣೆಬೆನ್ನೂರು, ನವಲಗುಂದ ಕಡೆಯಿಂದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬರುವ ದಂಪತಿಗಳ ಕೈಚೀಲದಲ್ಲಿ ಅಂಥ ಫೈಲು ಕಾಣುತ್ತದೆ. ಸ್ಕ್ಯಾನಿಂಗ್, ಥೈರಾಯ್ಡ್, ಶುಗರ್, ಟಾರ್ಚ್ (ಕೂಸಿಗೆ ತೊಂದರೆ ಕೊಡುವ ಕೆಲವು ಸೋಂಕುಗಳ ರಕ್ತಪರೀಕ್ಷೆ) ರಿಪೋರ್ಟುಗಳು ಮೊದಲಿನಿಂದಲೂ ಇದ್ದವು. ಈಗ ಅವುಗಳ ಜೊತೆ ಬೇರೆ ಹೆಸರುಗಳೂ ಸೇರುತ್ತಿವೆ. ಎನ್‌ಕೆ ಸೆಲ್, ಟಿಎಚ್1-ಟಿಎಚ್2 ಅನುಪಾತ, ಟಿಎನ್‌ಎಫ್, ಇಂಟರ್‌ಲ್ಯೂಕಿನ್. ರಕ್ತ ದೊಡ್ಡ ಊರಿನ ಲ್ಯಾಬಿಗೆ ಹೋಗುತ್ತದೆ. ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಒಂದೆರಡು ಅಂಕಿ ದಪ್ಪ ಅಕ್ಷರದಲ್ಲಿ ಇದ್ದರೆ ಮನೆಯವರ ನಿದ್ದೆ ಹೋಯಿತು ಅಂತಲೇ ಲೆಕ್ಕ.

ನಮ್ಮ ಬಳಗದ ಒಬ್ಬ ಹೆಣ್ಣುಮಗಳು ಇಂಥದ್ದೇ ರಿಪೋರ್ಟ್ ಕಳಿಸಿ ಫೋನ್ ಮಾಡಿದ್ದಳು. "ಅಣ್ಣಾ, ನನ್ನ ಮೈಯಾಗಿನ ರಕ್ತನ ಕೂಸಿಗೆ ವೈರಿ ಆಗೇತಿ ಅಂತ ಹೇಳ್ಯಾರ. ಖರೇನ?" ಆ ಪ್ರಶ್ನೆಯಲ್ಲಿದ್ದ ತಪ್ಪಿತಸ್ಥ ಭಾವನೆ ನನ್ನನ್ನು ಬಹಳ ದಿನ ಕಾಡಿತು. ಗರ್ಭ ಹೋದ ದುಃಖವೇ ಸಾಕಷ್ಟಿದೆ. ಅದರ ಮೇಲೆ ತನ್ನ ದೇಹವೇ ಕೊಂದಿತು ಎಂಬ ಮಾತನ್ನೂ ಅವಳು ಹೊರಬೇಕಾ? ಅದೂ ಅಷ್ಟು ಗಟ್ಟಿ ಪುರಾವೆ ಇಲ್ಲದ ಮಾತನ್ನು?

ಹಾಗಂತ ರೋಗನಿರೋಧಕ ವ್ಯವಸ್ಥೆಗೂ ಬಸಿರಿನ ತೊಂದರೆಗಳಿಗೂ ಸಂಬಂಧವೇ ಇಲ್ಲ ಎಂದಲ್ಲ. ಸಂಬಂಧ ಬಹಳ ಆಳವಾಗಿದೆ. ಕೆಲವು ಬಗೆಯ ಗರ್ಭಪಾತ, ಬಸಿರಿನಲ್ಲಿ ಏರುವ ಬಿಪಿ, ದಿನ ತುಂಬುವ ಮೊದಲೇ ಆಗುವ ಹೆರಿಗೆ, ಬಾಣಂತಿಗೆ ತಗಲುವ ಸೋಂಕು, ಇವೆಲ್ಲದರ ಹಿಂದೆ ಆ ವ್ಯವಸ್ಥೆಯ ಸೈಟೊಕೈನ್ ಎಂಬ ಅಣುಗಳ ಕೆಲಸ ಇದೆ. ಆದರೆ ಅವುಗಳ ಹೆಸರಿನಲ್ಲಿ ಮಾರಾಟವಾಗುವ ದುಬಾರಿ ಟೆಸ್ಟುಗಳಿಂದ ತಾಯಿಗೆ ಸಿಗುವ ಲಾಭ ಕಡಿಮೆ. ಅದೇ ವಿಜ್ಞಾನದಿಂದ ನಿಜವಾಗಿ ಉಪಯೋಗಕ್ಕೆ ಬಂದ ಕೆಲಸಗಳು ಅಗ್ಗದವು. ಹೆಚ್ಚಿನವು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತವೆ. ಈ ಅಂತರವನ್ನು ಬಿಡಿಸಿ ಹೇಳುವುದು ಈಗ ಜರೂರು ಅನಿಸುತ್ತದೆ.

ಸೈಟೊಕೈನ್ ಅಂದರೇನು? ಜೀವಕೋಶಗಳು ಹೊರಗೆ ಬಿಡುವ ಸಣ್ಣ ಪ್ರೋಟೀನುಗಳು. ಒಂದು ಕೋಶ ಬಿಟ್ಟ ಪ್ರೋಟೀನು ಪಕ್ಕದ ಕೋಶಕ್ಕೆ ಅಂಟಿಕೊಂಡು ಅದು ಏನು ಮಾಡಬೇಕು ಎಂದು ಸೂಚನೆ ಕೊಡುತ್ತದೆ. ಬಾವು ತರಿಸು, ಬಾವು ಇಳಿಸು, ಬೆಳೆ, ಸಾಯಿ, ಇಲ್ಲಿಗೆ ಬಾ. ಟಿಎನ್‌ಎಫ್-ಆಲ್ಫಾ, ಐಎಲ್-1, ಐಎಲ್-6, ಐಎಲ್-8 ಮುಖ್ಯವಾಗಿ ಉರಿಯೂತ ಹೆಚ್ಚಿಸುವ ಕಡೆಯವು. ಐಎಲ್-10, ಟಿಜಿಎಫ್-ಬೀಟಾ ಹೆಚ್ಚಾಗಿ ತಣ್ಣಗೆ ಮಾಡುವ ಕಡೆಯವು. ಕೋವಿಡ್ ಬಂದಾಗ ಐಎಲ್-6 ಟೆಸ್ಟ್ ಎಂಬ ಹೆಸರು ನಮ್ಮ ಮನೆಮಾತೇ ಆಗಿಬಿಟ್ಟಿತ್ತಲ್ವಾ, ಅದು ಇದೇ. ಆಗ ಅದರ ಅಂಕಿ ಏರಿದರೆ ಎಲ್ಲರೂ ಹೆದರುತ್ತಿದ್ದರು. ಅದೇ ಹೆದರಿಕೆ ಈಗ ಬಸಿರಿನ ರಿಪೋರ್ಟಿಗೂ ಅಂಟಿಕೊಂಡಿದೆ.

ಬಸಿರು ಮತ್ತು ರೋಗನಿರೋಧಕ ಶಕ್ತಿಯ ನಡುವಿನ ಒಗಟನ್ನು ಮೊದಲು ಸ್ಪಷ್ಟವಾಗಿ ಕೇಳಿದವರು ಬ್ರಿಟನ್ನಿನ ಪೀಟರ್ ಮೆಡವಾರ್, 1953ರಲ್ಲಿ. ಮುಂದೆ 1960ರಲ್ಲಿ ಅವರಿಗೆ ನೊಬೆಲ್ ಬಂತು. ಬೇರೆಯವರ ಕಿಡ್ನಿ ಹಾಕಿದರೆ ದೇಹ ಅದನ್ನು ಒಪ್ಪುವುದಿಲ್ಲ. ಕೂಸಿನ ಅರ್ಧ ಗುಣ ಅಪ್ಪನದು, ಅಂದರೆ ತಾಯಿಯ ದೇಹಕ್ಕೆ ಹೊರಗಿನದು. ಹಾಗಿದ್ದರೂ ಒಂಬತ್ತು ತಿಂಗಳು ಅದು ಹೇಗೆ ಉಳಿಯುತ್ತದೆ? ಈ ಪ್ರಶ್ನೆಗೆ ಬಹಳ ದಿನ ಸಿಕ್ಕ ಉತ್ತರ, ತಾಯಿಯ ರೋಗನಿರೋಧಕ ವ್ಯವಸ್ಥೆ ಸುಮ್ಮನಾಗುತ್ತದೆ ಎಂಬುದು. 1993ರಲ್ಲಿ ಥಾಮಸ್ ವೆಗ್‌ಮನ್ ಮತ್ತು ಸಂಗಡಿಗರು ಇದಕ್ಕೊಂದು ರೂಪ ಕೊಟ್ಟರು. ರೋಗನಿರೋಧಕ ಕೋಶಗಳಲ್ಲಿ ಟಿಎಚ್1 ಎಂಬ ಉಗ್ರ ಗುಂಪು ಕೆಳಗಿಳಿದು ಟಿಎಚ್2 ಎಂಬ ಸೌಮ್ಯ ಗುಂಪು ಮೇಲಾದರೆ ಬಸಿರು ಉಳಿಯುತ್ತದೆ ಎಂದರು. ಇಂದು ಲ್ಯಾಬುಗಳು ಮಾರುವ ಟಿಎಚ್1-ಟಿಎಚ್2 ಅನುಪಾತದ ಬೇರು ಇಲ್ಲಿದೆ.

ಆದರೆ ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಟಿಎಚ್17, ನಿಯಂತ್ರಕ ಟಿ ಕೋಶ ಎಂಬ ಬೇರೆ ಗುಂಪುಗಳು ಸಿಕ್ಕವು. ಅದಕ್ಕಿಂತ ಮುಖ್ಯವಾಗಿ, ಬಸಿರು ಒಂದೇ ಸ್ಥಿತಿ ಅಲ್ಲ ಎಂಬುದು ಗೊತ್ತಾಯಿತು. ಮೊದಲ ವಾರಗಳಲ್ಲಿ ಭ್ರೂಣ ಗರ್ಭಕೋಶದ ಒಳಪದರವನ್ನು ಕೊರೆದು ಕೂರಬೇಕು. ಅದಕ್ಕೆ ಉರಿಯೂತ ಬೇಕೇ ಬೇಕು. ಐಎಲ್-6, ಐಎಲ್-8, ಟಿಎನ್‌ಎಫ್ ಅಲ್ಲಿ ದುಡಿಯುತ್ತವೆ. ಹೊಸ ಬಸುರಿಯ ವಾಕರಿಕೆ, ಸುಸ್ತು ಇದರ ಜೊತೆ ತಳಕು ಹಾಕಿಕೊಂಡಿರಬಹುದು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ನಡುವಿನ ತಿಂಗಳುಗಳಲ್ಲಿ ಉರಿಯೂತ ಇಳಿದು ಕೂಸು ಬೆಳೆಯುತ್ತದೆ. ದಿನ ತುಂಬಿದಾಗ ಮತ್ತೆ ಉರಿಯೂತ ಏರುತ್ತದೆ. ಅದಿಲ್ಲದೆ ಗರ್ಭಕೋಶದ ಬಾಯಿ ಮೆತ್ತಗಾಗುವುದಿಲ್ಲ, ಬ್ಯಾನಿ ಶುರುವಾಗುವುದಿಲ್ಲ. ಅಂದರೆ ಒಂದೇ ಅಣು ಒಂದು ತಿಂಗಳು ಉಪಕಾರಿ, ಇನ್ನೊಂದು ತಿಂಗಳು ಅಪಾಯಕಾರಿ. ಬಿತ್ತಿದ ಮೇಲೆ ಬಂದ ಮಳೆಗೆ ಬ್ಯಾಡಗಿ ಸೀಮೆಯ ರೈತ ಕೈ ಮುಗಿಯುತ್ತಾನೆ. ಅದೇ ಮಳೆ ಮೆಣಸಿನಕಾಯಿ ಕಣದಲ್ಲಿ ಒಣಗುವಾಗ ಬಂದರೆ ವರ್ಷದ ದುಡಿಮೆ ಹೋಗುತ್ತದೆ. ಮಳೆ ಎಷ್ಟು ಮಿಲಿಮೀಟರ್ ಆಯಿತು ಎಂಬ ಒಂದೇ ಅಂಕಿಯಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಳಲು ಬರುವುದಿಲ್ಲ. ಸೈಟೊಕೈನ್ ರಿಪೋರ್ಟಿನ ಮೊದಲ ತೊಂದರೆ ಇದೇ.

ಎರಡನೆಯ ತೊಂದರೆ ಜಾಗದ್ದು. ಎನ್‌ಕೆ ಎಂದರೆ ನ್ಯಾಚುರಲ್ ಕಿಲ್ಲರ್. ಹೆಸರು ಕೇಳಿದರೇ ಭಯ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು 70 ಶೇಕಡಾ ಈ ಎನ್‌ಕೆ ಕೋಶಗಳೇ. ಆದರೆ ಅವು ಅಲ್ಲಿ ಕೊಲ್ಲುವ ಕೆಲಸ ಮಾಡುವುದಿಲ್ಲ. ತಾಯಿಯ ಸಣ್ಣ ರಕ್ತನಾಳಗಳನ್ನು ಅಗಲ ಮಾಡಿ ಮಾಸಿಗೆ ಧಾರಾಳವಾಗಿ ರಕ್ತ ಹರಿಯುವಂತೆ ಮಾಡಲು ನೆರವಾಗುತ್ತವೆ. ಕೇಂಬ್ರಿಜ್‌ನ ಆಶ್ಲಿ ಮೊಫೆಟ್ ಈ ಕೋಶಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ತೋಳಿನ ರಕ್ತದಲ್ಲಿ ಎನ್‌ಕೆ ಕೋಶ ಎಣಿಸಿ ಗರ್ಭಕೋಶದ ಬಗ್ಗೆ ತೀರ್ಪು ಕೊಡುವುದನ್ನು ಅವರು ಮೊದಲಿನಿಂದಲೂ ಟೀಕಿಸುತ್ತಲೇ ಬಂದಿದ್ದಾರೆ. ರಕ್ತದಲ್ಲಿರುವ ಎನ್‌ಕೆ ಬೇರೆ, ಗರ್ಭಕೋಶದ ಎನ್‌ಕೆ ಬೇರೆ. ಒಂದರ ಎಣಿಕೆಯಿಂದ ಇನ್ನೊಂದರ ಸ್ವಭಾವ ತಿಳಿಯುವುದಿಲ್ಲ.

ಇನ್ನು ಚಿಕಿತ್ಸೆಯ ಮಾತು. ಇಲ್ಲೊಂದು ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಗೆ ಅದು ನೇರವಾಗಿ ತಾಗುತ್ತದೆ. ಬಳಗದೊಳಗೇ ಮದುವೆ ಮಾಡುವುದು ಉತ್ತರ ಕರ್ನಾಟಕದಲ್ಲಿ ಹೊಸದಲ್ಲ. ಸೋದರಮಾವ, ಅತ್ತೆಯ ಮಗ, ಹೀಗೆ. ಗಂಡ-ಹೆಂಡತಿಯ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳು ತೀರಾ ಒಂದೇ ತರ ಇದ್ದರೆ, ತಾಯಿಯ ದೇಹಕ್ಕೆ ಕೂಸು ಬೇರೆ ಎಂದು ತಿಳಿಯುವುದಿಲ್ಲ, ಹಾಗಾಗಿ ಕಾಪಾಡುವ ಸೂಚನೆಗಳೂ ಹೊರಡುವುದಿಲ್ಲ ಎಂಬ ವಾದ 1980ರ ದಶಕದಲ್ಲಿ ಜೋರಾಗಿತ್ತು. ಅದಕ್ಕೆ ಮದ್ದಾಗಿ ಗಂಡನ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ಹೆಂಡತಿಗೆ ಇಂಜೆಕ್ಷನ್ ಕೊಡುವ ಪದ್ಧತಿ ಬಂತು. ಲಿಂಫೊಸೈಟ್ ಚಿಕಿತ್ಸೆ ಅಥವಾ ಎಲ್‌ಐಟಿ ಅಂತಾರೆ. ಭಾರತದಲ್ಲಿ ಇಂದಿಗೂ ಇದು ಪ್ರಚಾರದಲ್ಲಿದೆ.

ಅಮೆರಿಕದ ಕ್ಯಾರೊಲ್ ಓಬರ್ ಎಂಬ ವಿಜ್ಞಾನಿ, ತಮ್ಮೊಳಗೇ ಮದುವೆಯಾಗುವ ಹಟರೈಟ್ ಸಮುದಾಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಎಚ್‌ಎಲ್‌ಎ ಹೊಂದಿಕೆ ಜಾಸ್ತಿ ಇದ್ದ ಜೋಡಿಗಳಲ್ಲಿ ಗರ್ಭನಷ್ಟ ಸ್ವಲ್ಪ ಹೆಚ್ಚು ಎಂದು ಅವರೇ ಕಂಡುಕೊಂಡಿದ್ದರು. ಅಂದರೆ ಆ ವಾದಕ್ಕೆ ಬಲ ಕೊಟ್ಟವರಲ್ಲಿ ಅವರೂ ಒಬ್ಬರು. ಹಾಗಿದ್ದರೆ ಚಿಕಿತ್ಸೆ ಕೆಲಸ ಮಾಡುತ್ತದಾ ಎಂದು ಅವರೇ ಪರೀಕ್ಷೆಗೆ ಹಚ್ಚಿದರು. ಪದೇ ಪದೇ ಗರ್ಭಪಾತವಾದ ಹೆಣ್ಣುಮಕ್ಕಳಲ್ಲಿ ಅರ್ಧ ಮಂದಿಗೆ ಗಂಡನ ಬಿಳಿ ರಕ್ತಕಣ, ಉಳಿದರ್ಧಕ್ಕೆ ಬರೀ ಸಲೈನ್. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಲೈನ್ ಪಡೆದವರಲ್ಲಿ 48 ಶೇಕಡಾ ಮಂದಿಯ ಬಸಿರು ಉಳಿದಿತ್ತು. ರಕ್ತಕಣ ಪಡೆದವರಲ್ಲಿ 36 ಶೇಕಡಾ ಮಾತ್ರ. ಚಿಕಿತ್ಸೆ ಲಾಭ ಕೊಡುವುದಿರಲಿ, ಹಾನಿಯನ್ನೇ ಮಾಡಿರಬಹುದು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮತಿ ಪಡೆದ ಸಂಶೋಧನೆಯ ಹೊರಗೆ ಇದನ್ನು ಕೊಡಬಾರದು ಎಂದು ತಡೆ ಹಾಕಿತು. ಯುರೋಪಿನ ಸಂತಾನ ತಜ್ಞರ ಸಂಘವೂ ಎಲ್‌ಐಟಿ ಬೇಡ ಎನ್ನುತ್ತದೆ. ಇಷ್ಟಾದ ಮೇಲೂ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

"ಆದರೆ ಆ ಇಂಜೆಕ್ಷನ್ ತಗೊಂಡ ಮೇಲೆ ಅವರಿಗೆ ಕೂಸು ಆತಲ್ಲ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಆಗಿರುತ್ತದೆ. ಕಾರಣ ಗೊತ್ತಾಗದೆ ಮೂರು ಸಲ ಗರ್ಭ ಹೋದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದಿನ ಸಲ ಯಾವ ವಿಶೇಷ ಮದ್ದೂ ಇಲ್ಲದೆ ಮಗುವಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುವಿನ ದೋಷದಿಂದ ಹೋಗುತ್ತವೆ. ಅದು ಆ ಸಲದ ಆಕಸ್ಮಿಕ. ತಾಯಿ ಭಾರ ಎತ್ತಿದ್ದಕ್ಕೂ ಅಲ್ಲ, ಪಪ್ಪಾಯಿ ತಿಂದಿದ್ದಕ್ಕೂ ಅಲ್ಲ. ಹೀಗಿರುವಾಗ ನಡುವೆ ಏನು ಕೊಟ್ಟರೂ ಅದೇ ಕೆಲಸ ಮಾಡಿತು ಎನಿಸುವುದು ಸಹಜ. ಸಲೈನ್ ಕೊಟ್ಟ ಗುಂಪಿನ ಜೊತೆ ಹೋಲಿಸಿ ನೋಡುವುದು ಅದಕ್ಕೇ ಬೇಕು.

ಟಾರ್ಚ್ ಟೆಸ್ಟಿನ ಬಗ್ಗೆಯೂ ಒಂದು ಮಾತು. ಪದೇ ಪದೇ ಆಗುವ ಗರ್ಭಪಾತಕ್ಕೆ ಕಾರಣ ಹುಡುಕಲು ಇದು ಉಪಯೋಗವಿಲ್ಲ. ಅದರಲ್ಲಿ ಐಜಿಜಿ ಎಂಬ ಪ್ರತಿಕಾಯ (ಆಂಟಿಬಾಡಿ) ಪಾಸಿಟಿವ್ ಅಂದರೆ ಹಿಂದೆಂದೋ ಆ ಸೋಂಕು ಬಂದು ಹೋಗಿದೆ ಅಷ್ಟೇ.

ಹಾಗಾದರೆ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಯಾವ ಟೆಸ್ಟೂ ಬೇಡವಾ? ಒಂದು ಬೇಕು. ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ-2 ಗ್ಲೈಕೋಪ್ರೋಟೀನ್ ಎಂಬ ಮೂರು. ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಬೇಕು. ಸಾಮಾನ್ಯ ಜ್ವರ ಬಂದು ಹೋದಾಗಲೂ ಇವು ಸ್ವಲ್ಪ ದಿನ ಕಾಣಿಸಿಕೊಳ್ಳಬಹುದು. ಎರಡೂ ಸಲ ಪಾಸಿಟಿವ್ ಬಂದು, ಪದೇ ಪದೇ ಗರ್ಭಪಾತದಂಥ ಇತಿಹಾಸವೂ ಇದ್ದರೆ, ಕಡಿಮೆ ಡೋಸಿನ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಇದಕ್ಕೆ ಪುರಾವೆ ಇದೆ. ಜೊತೆಗೆ ಥೈರಾಯ್ಡ್, ಶುಗರ್, ಗರ್ಭಕೋಶದ ಆಕಾರ, ಅಗತ್ಯ ಬಿದ್ದರೆ ದಂಪತಿಯ ವರ್ಣತಂತು ಪರೀಕ್ಷೆ. ಇಷ್ಟರ ಆಚೆಗೆ ಸಾವಿರಾರು ರೂಪಾಯಿಯ ಇಮ್ಯೂನ್ ಪ್ಯಾನೆಲ್ ಬರೆದುಕೊಟ್ಟರೆ, ಇದರ ಫಲಿತಾಂಶದಿಂದ ನಮ್ಮ ಚಿಕಿತ್ಸೆ ಬದಲಾಗುತ್ತದಾ ಡಾಕ್ಟ್ರೇ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಬಿಪಿ ಕಡೆ ಬರೋಣ. ನನ್ನ ಲೆಕ್ಕದಲ್ಲಿ ಈ ಇಡೀ ವಿಷಯದ ಎದೆಭಾಗ ಇದು.

20 ವಾರ ಕಳೆದ ಮೇಲೆ ಬಿಪಿ 140/90 ಮುಟ್ಟುವುದು, ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್‌ಗೆ ಪೆಟ್ಟು ಬೀಳುವುದು. ಇದು ಪ್ರಿಎಕ್ಲಾಂಪ್ಸಿಯಾ. ಜಗತ್ತಿನ 100 ಬಸುರಿಯರಲ್ಲಿ ಸುಮಾರು 3ರಿಂದ 8 ಮಂದಿಗೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರು ಇರುವುದು ಮೊದಲ ತಿಂಗಳುಗಳಲ್ಲಿ. ಮೇಲೆ ಹೇಳಿದ ಎನ್‌ಕೆ ಕೋಶಗಳು ಮತ್ತು ಮಾಸಿನ ಕೋಶಗಳ ನಡುವಿನ ಹೊಂದಾಣಿಕೆ ಸರಿಯಾಗದಿದ್ದರೆ ರಕ್ತನಾಳಗಳು ಅಗಲವಾಗುವುದಿಲ್ಲ. ಮಾಸಿಗೆ ರಕ್ತ ಸಾಲುವುದಿಲ್ಲ. ಸಂಕಟಕ್ಕೆ ಬಿದ್ದ ಮಾಸು ಟಿಎನ್‌ಎಫ್, ಐಎಲ್-6 ಮುಂತಾದವನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಜೊತೆಗೆ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನೂ ಬಿಡುತ್ತದೆ. ರಕ್ತನಾಳದ ಒಳಗೋಡೆಯನ್ನು ಆರೋಗ್ಯವಾಗಿಡುವ ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಎಂಬ ಅಣುಗಳನ್ನು ಇದು ಹಿಡಿದಿಟ್ಟುಬಿಡುತ್ತದೆ. ಒಳಗೋಡೆ ಕೆಡುತ್ತದೆ, ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಭಾರತ ಮೂಲದ ವೈದ್ಯ ಅನಂತ್ ಕರುಮಂಚಿ ಮತ್ತು ಅವರ ತಂಡ 2003ರಲ್ಲಿ ಬಸುರಿ ಇಲಿಗಳಿಗೆ ಎಸ್‌ಫ್ಲಿಟ್-1 ಕೊಟ್ಟಾಗ ಅವುಗಳಿಗೂ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಆ ಕೆಲಸದಿಂದ ಇಂದು ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್‌ನ ಅನುಪಾತ ನೋಡುವ ರಕ್ತಪರೀಕ್ಷೆ ಬಂದಿದೆ. ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವ ಸಂಭವ ಬಹಳ ಕಡಿಮೆ ಎಂದು 2016ರ ಅಧ್ಯಯನ ತೋರಿಸಿತು. 2023ರಲ್ಲಿ ಅಮೆರಿಕದ ಎಫ್‌ಡಿಎ ಇಂಥ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಎನ್‌ಕೆ ಎಣಿಕೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಯಾವ ವಾರದಲ್ಲಿ, ಯಾರಿಗೆ, ಯಾವ ತೀರ್ಮಾನಕ್ಕೆ ಎಂಬುದೆಲ್ಲ ಸ್ಪಷ್ಟ ಇದೆ.

ತಡೆಯುವ ದಾರಿಯೂ ಇದೆ. ಅಪಾಯ ಹೆಚ್ಚಿರುವವರಿಗೆ, ಅಂದರೆ ಹಿಂದಿನ ಬಸಿರಿನಲ್ಲಿ ಬಿಪಿ ಏರಿದವರು, ಮೊದಲೇ ಬಿಪಿ, ಶುಗರ್ ಅಥವಾ ಕಿಡ್ನಿ ತೊಂದರೆ ಇರುವವರು, ಅವಳಿ ಇರುವವರು, ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆ ಇರುವವರು, ಇವರಿಗೆ ಕಡಿಮೆ ಡೋಸಿನ ಆಸ್ಪಿರಿನ್. 2017ರ ಆಸ್ಪ್ರೆ ಅಧ್ಯಯನದಲ್ಲಿ, ತಪಾಸಣೆಯಿಂದ ಅಪಾಯ ಹೆಚ್ಚು ಎಂದು ಗುರುತಿಸಿದವರಿಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರಿಎಕ್ಲಾಂಪ್ಸಿಯಾ 62 ಶೇಕಡಾ ಕಡಿಮೆಯಾಯಿತು. ಇಲ್ಲೂ ಸಮಯವೇ ಮುಖ್ಯ. 16 ವಾರದ ಒಳಗೆ ಶುರು ಮಾಡಬೇಕು, ಏಕೆಂದರೆ ರಕ್ತನಾಳಗಳ ಕೆಲಸ ನಡೆಯುವುದು ಆಗಲೇ. ಬಸಿರು ಎಂದು ಗೊತ್ತಾದರೂ ನಾಲ್ಕು ತಿಂಗಳು ಕಳೆದ ಮೇಲೆ ದವಾಖಾನೆಗೆ ಹೋಗುವ ರೂಢಿ ಇದ್ದಲ್ಲಿ ಈ ಗುಳಿಗೆಯ ಲಾಭ ಕೈತಪ್ಪುತ್ತದೆ. ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗುವುದು ಮಾತ್ರ ಬೇಡವೇ ಬೇಡ.

ಕ್ಯಾಲ್ಸಿಯಂ ಗುಳಿಗೆಯನ್ನು ಬಹಳ ಮನೆಗಳಲ್ಲಿ ಮೂಳೆಗೆ ಎಂದು ತಿಳಿದು ಬಿಟ್ಟುಬಿಡುತ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಅದು ಬಿಪಿ ತಡೆಯಲೂ ನೆರವಾಗುತ್ತದೆ. ದಿನಕ್ಕೆ 1500 ಮಿಲಿಗ್ರಾಂ ಬದಲು 500 ಮಿಲಿಗ್ರಾಂ ಕೊಟ್ಟರೂ ಪ್ರಿಎಕ್ಲಾಂಪ್ಸಿಯಾ ತಡೆಯುವಲ್ಲಿ ಕಡಿಮೆ ಬೀಳುವುದಿಲ್ಲ ಎಂದು ಬೆಂಗಳೂರು ಮತ್ತು ತಾಂಜಾನಿಯಾದಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದ ದೊಡ್ಡ ಅಧ್ಯಯನ 2024ರಲ್ಲಿ ತೋರಿಸಿತು. ಕಬ್ಬಿಣದ ಗುಳಿಗೆ ಜೊತೆಗೇ ನುಂಗಬಾರದು, ನಡುವೆ ಒಂದೆರಡು ತಾಸು ಬಿಡಬೇಕು.

ಇನ್ನು ನಮ್ಮ ಕಡೆಯದೇ ಒಂದು ಸಂಗತಿ. ಚೊಚ್ಚಲ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಹೆಚ್ಚು. ಅಪ್ಪನ ಕಡೆಯ ಪ್ರೋಟೀನುಗಳಿಗೆ ತಾಯಿಯ ರೋಗನಿರೋಧಕ ವ್ಯವಸ್ಥೆ ಇನ್ನೂ ಒಗ್ಗಿಕೊಂಡಿರುವುದಿಲ್ಲ ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಚೊಚ್ಚಲ ಬಸುರಿಗೇ ನಮ್ಮಲ್ಲಿ ಕುಬುಸ ಮಾಡಿ ತವರಿಗೆ ಕಳಿಸುವುದು. ಬಹಳ ಕಡೆ ಏಳನೆಯ ತಿಂಗಳು ದಾಟಿದ ಮೇಲೆ. ಬಿಪಿ ಏರುವ ಕಾಲವೂ ಹೆಚ್ಚುಕಡಿಮೆ ಅದೇ. ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಇವಳು ಹೋದಳು ಎಂದು ಗೊತ್ತು. ತವರೂರಿನ ಆಶಾಗೆ ಇವಳು ಬಂದಳು ಎಂದು ಗೊತ್ತಾಗಲು ವಾರಗಳೇ ಬೇಕು. ಸವಣೂರಿನ ಸೊಸೆ ನರಗುಂದದ ತವರಿಗೆ ಹೋಗುವ ಹೊತ್ತಿಗೆ ಜಿಲ್ಲೆಯೇ ಬದಲಾಗಿರುತ್ತದೆ. ಮೊದಲ ಆರು ತಿಂಗಳ ಬಿಪಿ ಎಷ್ಟಿತ್ತು, ಆಸ್ಪಿರಿನ್ ನಡೆಯುತ್ತಿದೆಯಾ, ಅದು ತಾಯಿ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಕುಬುಸದ ಸೀರೆ, ಬಳೆ, ಬುತ್ತಿ ಎಲ್ಲಾ ನೆನಪಿಟ್ಟು ಕಟ್ಟುವ ಮನೆಯವರು ತಾಯಿ ಕಾರ್ಡನ್ನು ಅದೇ ಚೀಲದಲ್ಲಿ ಇಡಬೇಕು. ತವರಿಗೆ ಮುಟ್ಟಿದ ವಾರದೊಳಗೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಬೇಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆದಿದೆ. ಹಳ್ಳಿಯ ಹಿರಿಯರಿಗೆ ಈ ತಾರೀಖು ಗೊತ್ತಿದ್ದರೆ ಎಷ್ಟೋ ಅನುಕೂಲ.

ಬಿಟ್ಟೂ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ-ಕೈ ದಿಢೀರ್ ಬಾತುಕೊಳ್ಳುವುದು. ಪ್ರಿಎಕ್ಲಾಂಪ್ಸಿಯಾದ ಈ ಸೂಚನೆಗಳನ್ನು ಪಿತ್ತ, ಗ್ಯಾಸ್, ದೃಷ್ಟಿ ಎಂದು ತಳ್ಳಿಹಾಕಬಾರದು. ಕಾಯಿಲೆ ಜೋರಾದಾಗ ಬರುವ ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಹಳೆಯ, ಅಗ್ಗದ ಔಷಧ ಇದೆ. 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ ಅದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಗಲಿ, ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಾಗಲಿ, ಇಂಥವರನ್ನು ನೋಡುವ ತಜ್ಞರು ಅಲ್ಲಿದ್ದಾರೆ. ತಡವಾಗುವುದು ಹೆಚ್ಚಾಗಿ ಮನೆಯಲ್ಲಿ ಮತ್ತು ದಾರಿಯಲ್ಲಿ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರೇ ಮನೆಗೆ ಹೋಗಿ ಬಿಪಿ ನೋಡಿ, ಮೊಬೈಲ್ ನೆರವಿನಿಂದ ಅಪಾಯ ಗುರುತಿಸುವ ಕ್ಲಿಪ್ ಎಂಬ ಪ್ರಯೋಗ ನಡೆದಿತ್ತು. 2020ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ಸಾವು-ನೋವು ಅದರಿಂದ ಇಳಿಯಲಿಲ್ಲ. ನನಗೆ ಇದರಿಂದ ಅರ್ಥವಾಗುವುದು ಇಷ್ಟು: ಅಪಾಯ ಗುರುತಿಸಿದರಷ್ಟೇ ಸಾಲದು, ಗುರುತಿಸಿದ ಮೇಲಿನ ಗಾಡಿ, ಹಾಸಿಗೆ, ರಾತ್ರಿ ಹೊತ್ತಿನ ಡಾಕ್ಟರು ಎಲ್ಲವೂ ಕೂಡಿಬರಬೇಕು.

ದಿನ ತುಂಬುವ ಮೊದಲಿನ ಹೆರಿಗೆಯ ಕಥೆ ಇದಕ್ಕಿಂತ ಸಿಕ್ಕುಸಿಕ್ಕು. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಕೂಸುಗಳು 37 ವಾರಕ್ಕೆ ಮೊದಲೇ ಹುಟ್ಟಿದವು. ಜಗತ್ತಿನಲ್ಲೇ ಅತಿ ಹೆಚ್ಚು. ಇವುಗಳಲ್ಲಿ ಒಂದು ಪಾಲಿಗೆ ಕಾರಣ ಸೋಂಕು. ಯೋನಿಮಾರ್ಗದ ಬ್ಯಾಕ್ಟೀರಿಯಾ ಮೇಲೇರಿ ನೀರಿನ ಚೀಲ ಮುಟ್ಟಿದರೆ ಐಎಲ್-1, ಐಎಲ್-6, ಐಎಲ್-8, ಟಿಎನ್‌ಎಫ್ ಒಟ್ಟಿಗೇ ಏರುತ್ತವೆ. ಅವು ಪ್ರೊಸ್ಟಾಗ್ಲಾಂಡಿನ್ ತಯಾರಿ ಹೆಚ್ಚಿಸುತ್ತವೆ. ಗರ್ಭಕೋಶ ಹಿಂಡಲು ಶುರುವಾಗುತ್ತದೆ, ಚೀಲದ ಪೊರೆ ತೆಳ್ಳಗಾಗಿ ನೀರು ಒಡೆಯುತ್ತದೆ. ಒಂಬತ್ತನೆಯ ತಿಂಗಳ ಕೊನೆಗೆ ಬರಬೇಕಾದ ಸೂಚನೆ ಏಳನೆಯ ತಿಂಗಳಿಗೇ ಬಂದಂತಾಯಿತು.

ಹಾಗಾದರೆ ಉರಿಯೂತ ಎಲ್ಲಿದ್ದರೂ ಇಳಿಸಿದರೆ ಸಾಕಲ್ವಾ? ಹಾಗೆ ಯೋಚಿಸಿಯೇ ವಸಡಿನ ರೋಗದ ಮೇಲೆ ಅಧ್ಯಯನ ನಡೆಯಿತು. ವಸಡು ಕೆಟ್ಟವರಲ್ಲಿ ಅವಧಿಪೂರ್ವ ಹೆರಿಗೆ ಜಾಸ್ತಿ ಎಂಬುದು ಕಂಡಿತ್ತು. ಆದರೆ 2006ರಲ್ಲಿ ಅಮೆರಿಕದಲ್ಲಿ ಬಸುರಿಯರಿಗೆ ವಸಡಿನ ಚಿಕಿತ್ಸೆ ಕೊಟ್ಟು ನೋಡಿದಾಗ ವಸಡು ಸುಧಾರಿಸಿತೇ ಹೊರತು ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದನ್ನು ಸರಿ ಮಾಡಿದರೆ ಇನ್ನೊಂದೂ ಸರಿಹೋಗುತ್ತದೆ ಎನ್ನಲು ಬರುವುದಿಲ್ಲ. ಇಮ್ಯೂನ್ ಪ್ಯಾನೆಲ್ ಬರೆಯುವವರು ಈ ಪಾಠವನ್ನು ಮರೆಯಬಾರದು ಎಂದು ನನ್ನ ಆಗ್ರಹ.

ಲಾಭ ಕಂಡ ಕೆಲಸಗಳೂ ಇವೆ. ಅವುಗಳಲ್ಲಿ ಎರಡು ನಮ್ಮ ಪಕ್ಕದ ಬೆಳಗಾವಿಯಲ್ಲೂ ನಡೆದವು ಎಂಬುದು ಹೆಮ್ಮೆಯ ಮಾತು. ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರಿಗೆ 14 ವಾರದೊಳಗೆ 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಖಾಲಿ ಗುಳಿಗೆ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಅವಧಿಪೂರ್ವ ಹೆರಿಗೆ 13.1 ಶೇಕಡಾದಿಂದ 11.6ಕ್ಕೆ ಇಳಿದಿತ್ತು. ಸಣ್ಣ ಇಳಿಕೆ ಅನಿಸಬಹುದು. ಆದರೆ ಪೈಸೆಗಳ ಗುಳಿಗೆಯಿಂದ ಆದದ್ದು. ಇನ್ನೊಂದು 2023ರದು. ಹೆರಿಗೆ ಬ್ಯಾನಿಯಲ್ಲಿರುವ 29,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದದ್ದು. ಒಂದೇ ಸಲ 2 ಗ್ರಾಂ ಅಜಿಥ್ರೊಮೈಸಿನ್ ನುಂಗಿಸಿದರೆ ಬಾಣಂತಿಗೆ ಸೆಪ್ಸಿಸ್ ಅಥವಾ ಸಾವು 2.4 ಶೇಕಡಾದಿಂದ 1.6ಕ್ಕೆ ಇಳಿಯಿತು. ಸೆಪ್ಸಿಸ್ ಎಂದರೆ ಸೋಂಕಿಗೆ ಸೈಟೊಕೈನ್‌ಗಳು ಹದ್ದು ಮೀರಿ ಎದ್ದು ತಾಯಿಯ ಅಂಗಾಂಗಗಳನ್ನೇ ಕೆಡಿಸುವ ಸ್ಥಿತಿ. ಎಲ್ಲರಿಗೂ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಬಗ್ಗದಂತಾಗುವ ಅಪಾಯವೂ ಇದೆ. ಆದ್ದರಿಂದ ಯಾರಿಗೆ ಕೊಡಬೇಕು ಎಂಬ ಚರ್ಚೆ ಸಣ್ಣದಲ್ಲ.

ಉರಿಮೂತ್ರ, ವಾಸನೆ ಬರುವ ಬಿಳುಪು, ಜ್ವರ ಇದ್ದರೆ ನಾಚಿಕೆಯಿಂದ ಮುಚ್ಚಿಡದೆ ಹೇಳಬೇಕು. ಎಷ್ಟೋ ಸಲ ಮೂತ್ರದ ಸೋಂಕು ಯಾವ ಉರಿಯೂ ಇಲ್ಲದೆ ಇರುತ್ತದೆ. ಮೂತ್ರ ಪರೀಕ್ಷೆ ಮಾಡಿಸುವುದು ಅದಕ್ಕೇ.

ರಕ್ತಹೀನತೆಗೂ ಈ ಅಣುಗಳಿಗೂ ಒಂದು ನಂಟಿದೆ. ಅದನ್ನು ಹೇಳದಿದ್ದರೆ ನಮ್ಮ ಕಡೆಯ ಚಿತ್ರ ಪೂರ್ತಿಯಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ 52.2 ಶೇಕಡಾ ಮಂದಿಗೆ ರಕ್ತ ಕಡಿಮೆ. ಸೋಂಕು, ಉರಿಯೂತ ಇದ್ದರೆ ಐಎಲ್-6 ಏರುತ್ತದೆ. ಅದು ಲಿವರಿನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಹೆಪ್ಸಿಡಿನ್ ಏರಿದರೆ ಕರುಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಹೀಗಾಗಿ ನಿಷ್ಠೆಯಿಂದ ಕೆಂಪು ಗುಳಿಗೆ ನುಂಗಿದರೂ ಕೆಲವರಿಗೆ ಹಿಮೋಗ್ಲೋಬಿನ್ ಏರುವುದಿಲ್ಲ. "ಗುಳಿಗಿ ಚೆಲ್ಲಿರ್ತಾಳ" ಎಂದು ಆಕೆಯನ್ನೇ ಬೈಯುವ ಮೊದಲು ಸೋಂಕು ಇದೆಯಾ, ಬಿ12 ಕಡಿಮೆಯಾ, ಬೇರೆ ಕಾರಣ ಇದೆಯಾ ನೋಡಬೇಕು.

ಇಷ್ಟೆಲ್ಲ ನೋಡಿಕೊಂಡು ಹೆರಿಗೆ ಸುಸೂತ್ರವಾದರೆ ಮನೆಯವರು ಉಸಿರು ಬಿಡುತ್ತಾರೆ. ಆದರೆ ಪ್ರಿಎಕ್ಲಾಂಪ್ಸಿಯಾ ಹೆರಿಗೆಯಾದ ಮೇಲೂ ಬರಬಹುದು, ಆರು ವಾರದ ತನಕ. ಬಾಣಂತಿಗೆ ತಲೆನೋವು ಬಂದರೆ ಶೀತವಾಗಿದೆ, ತಲೆಗೆ ಗಾಳಿ ಹೊಕ್ಕಿದೆ ಎಂದು ಇನ್ನೊಂದು ಶಾಲು ಹೊದಿಸುವುದು ನಮ್ಮ ರೂಢಿ. ಶಾಲು ಹೊದಿಸಲಿ, ಅದರ ಜೊತೆ ಬಿಪಿಯನ್ನೂ ನೋಡಿಸಲಿ. ಒಮ್ಮೆ ಪ್ರಿಎಕ್ಲಾಂಪ್ಸಿಯಾ ಬಂದವರಿಗೆ ಮುಂದೆ ಹೃದಯದ ಕಾಯಿಲೆ, ಲಕ್ವಾ ಬರುವ ಅಪಾಯ ಸುಮಾರು ಎರಡು ಪಟ್ಟು. ರಕ್ತನಾಳದ ಒಳಗೋಡೆಗೆ ಬಿದ್ದ ಪೆಟ್ಟು ಕೂಸು ಹುಟ್ಟಿದ ಕೂಡಲೇ ಪೂರ್ತಿ ಮಾಯುವುದಿಲ್ಲ. 25ರ ಬಾಣಂತಿಗೆ ಇದನ್ನು ಯಾರೂ ಹೇಳುವುದಿಲ್ಲ. 45ಕ್ಕೆ ಎದೆನೋವು ಬಂದಾಗ ಹಳೆಯ ಬಸಿರಿನ ಮಾತನ್ನು ಯಾರೂ ಕೇಳುವುದಿಲ್ಲ.

ಇದಕ್ಕೊಂದು ಸುಲಭದ ದಾರಿ ಇದೆ ಅನಿಸುತ್ತದೆ. ಕೂಸಿಗೆ ಲಸಿಕೆ ಹಾಕಿಸಲು ತಾಯಿ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಹೇಗೂ ಬರುತ್ತಾಳೆ. ಅಂಗನವಾಡಿಯೋ, ಉಪಕೇಂದ್ರವೋ, ಬಂದಲ್ಲೇ ಅವಳ ತೋಳಿಗೂ ಬಿಪಿ ಪಟ್ಟಿ ಕಟ್ಟಿದರೆ ಐದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮೇಲೆ 42 ದಿನದೊಳಗೆ ಹಲವು ಸಲ ಮನೆಗೆ ಬರುತ್ತಾಳೆ. ಅವಳ ಕೈಗೊಂದು ಡಿಜಿಟಲ್ ಬಿಪಿ ಮಷಿನ್ ಕೊಟ್ಟು, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದೇ ಸಲ ಇದನ್ನು ಶುರು ಮಾಡಿದರೆ ತವರು ಯಾವ ಜಿಲ್ಲೆಯಲ್ಲಿದ್ದರೂ ಬಾಣಂತಿ ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ. ಅಳೆದ ಬಿಪಿಯನ್ನು ಕೂಸಿನ ಲಸಿಕೆ ಪುಟದ ಪಕ್ಕದಲ್ಲೇ ಬರೆದಿಡಲು ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.